ಉಂಡ ಎಲೆ ಎತ್ತುವವರು

ಮದುವೆ ಮನೆಯಲ್ಲಿ ಉಣ್ಣುವವರಿಗೆ ಲೆಕ್ಕವಿಲ್ಲ. ಎಲೆ ಎತ್ತುವ ಹೊತ್ತಿಗೆ ಪಂಕ್ತಿಯೆಲ್ಲ ಖಾಲಿ. ಪ್ರಯೋಜನ ಪಡೆದವರ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆ ಇಷ್ಟು ಸಣ್ಣದರಲ್ಲೇ ಹುಟ್ಟುತ್ತದೆ. ಗಣಿಯ ನೆಲದಲ್ಲಿ ಅದು ಜೀವದ ಪ್ರಶ್ನೆಯಾಗುತ್ತದೆ.

ಅಮೆರಿಕದಲ್ಲಿ 1977ರಲ್ಲಿ ಒಂದು ಕಾಯಿದೆ ಬಂತು. ನೆಲ ಅಗೆದು ಕಲ್ಲಿದ್ದಲು ತೆಗೆದವರು ಗುಂಡಿ ಮುಚ್ಚಿ, ಮೇಲ್ಮಣ್ಣು ಹರಡಿ, ಹುಲ್ಲು ಗಿಡ ಬೆಳೆಸಿಕೊಡಬೇಕು. ಅಗೆಯುವ ಮೊದಲೇ ಠೇವಣಿ ಇಡಬೇಕು. ಹಸಿರು ಬೆಳೆಸಿದ ಮೇಲೂ ಸಾಮಾನ್ಯವಾಗಿ 5 ವರ್ಷ, ವರ್ಷಕ್ಕೆ 26 ಅಂಗುಲಕ್ಕಿಂತ ಹೆಚ್ಚು ಮಳೆಯಾಗದ ಸೀಮೆಯಲ್ಲಿ 10 ವರ್ಷ, ಹೊಣೆ ಅವರದೇ. ಅಲ್ಲಿಯವರೆಗೆ ಠೇವಣಿ ಪೂರ್ತಿ ಕೈಸೇರದು. ಮೂರು ತಿಂಗಳಿಗೊಮ್ಮೆಯಾದರೂ ತಪಾಸಣೆಯವರು ಬಂದು ಎಲ್ಲವನ್ನೂ ನೋಡಬೇಕು. ಬರುವ ದಿನವನ್ನು ಮುಂಚೆ ತಿಳಿಸುವಂತಿಲ್ಲ.

ಈ ಕೊನೆಯ ಮಾತು ನಮ್ಮಂಥ ಉಪಾಧ್ಯಾಯಿನಿಯರಿಗೆ ಚೆನ್ನಾಗಿ ಅರ್ಥವಾಗುತ್ತದೆ. ತಪಾಸಣೆಯ ದಿನ ಗೊತ್ತಿದ್ದರೆ ಬಾಗಿಲಿಗೆ ರಂಗೋಲಿ ಬೀಳುತ್ತದೆ, ಜಾಣ ಮಕ್ಕಳು ಮುಂದಿನ ಸಾಲಿಗೆ ಬರುತ್ತಾರೆ.

ಗಣಿಯ ನೆಲದಲ್ಲಿ ರಂಗೋಲಿಯೆಂದರೆ ಹುಲ್ಲು. ದೂರದಿಂದ ನೋಡಿದರೆ ಎಲ್ಲ ಸರಿಯಾದಂತೆಯೇ ಕಾಣುತ್ತದೆ. ನಿಜ ಹೇಳುವವು ರಸ್ತೆ ಮತ್ತು ಹೊಂಡ. ಲಾರಿ ಓಡಾಡಿದ ರಸ್ತೆಯನ್ನು ಮಳೆನೀರು ಕೊರೆದಿದೆಯೇ, ಮೋರಿ ಕಟ್ಟಿಕೊಂಡಿದೆಯೇ, ಹೊಂಡದಲ್ಲಿ ಹೂಳು ಎಷ್ಟು ತುಂಬಿದೆ, ಏರಿಯಲ್ಲಿ ಬಿರುಕು ಬಿಟ್ಟಿದೆಯೇ, ಬುಡದಲ್ಲಿ ನೀರು ಜಿನುಗುತ್ತಿದೆಯೇ, ಕೋಡಿಗೆ ಅಡ್ಡಿಯಿಲ್ಲದೆ ದಾರಿಯಿದೆಯೇ ಎಂದು ಕಾಲ್ನಡಿಗೆಯಲ್ಲೇ ನೋಡಬೇಕು. ನೀರು ಕಾವಿ ಬಣ್ಣಕ್ಕೆ ತಿರುಗಿದ್ದರೆ ಒಳಗಿನ ಗಂಧಕದ ಖನಿಜ ಗಾಳಿ ನೀರು ತಾಗಿ ಆಮ್ಲವಾಗಿದೆಯೆಂದು ಅನುಮಾನಿಸಬೇಕು.

ಸುಮ್ಮನೆ ನೋಡಿ ಸಹಿ ಹಾಕಿದರೆ ಏನಾಗುತ್ತದೆ? ವೆಸ್ಟ್ ವರ್ಜೀನಿಯಾದ ಬಫೆಲೋ ಕ್ರೀಕ್ ಕಣಿವೆಯ ಮೇಲ್ಭಾಗದಲ್ಲಿ ಕಲ್ಲಿದ್ದಲು ಗಣಿಯ ಕಸದಿಂದಲೇ ಒಡ್ಡು ಕಟ್ಟಿದ್ದರು. 1972ರ ಫೆಬ್ರವರಿ 26ರ ಬೆಳಿಗ್ಗೆ ಅದು ಒಡೆಯಿತು. 125 ಜನ ಸತ್ತರು, ಸುಮಾರು 4,000 ಜನ ಮನೆ ಕಳೆದುಕೊಂಡರು. ನಾಲ್ಕೇ ದಿನ ಮೊದಲು ತಪಾಸಣಾಧಿಕಾರಿಯೊಬ್ಬರು ಅದನ್ನು 'ತೃಪ್ತಿಕರ' ಎಂದಿದ್ದರು. ಕಂಪನಿಯವರು ಇದು ದೇವರ ಕೃತ್ಯ ಎಂದುಬಿಟ್ಟರು.

ತೃಪ್ತಿ ಯಾರದು? ಬರೆದವರು ಆ ಒಡ್ಡಿನ ಕೆಳಗೆ ಮಲಗುವವರಲ್ಲ. ಅಲ್ಲಿ ಮಲಗುವವರನ್ನು ಯಾರೂ ಕೇಳಲಿಲ್ಲ. ತಪಾಸಣೆಯೆಂದರೆ ಅವರ ಪರವಾಗಿ ನೋಡುವುದು ಎಂದು ನನಗನ್ನಿಸುತ್ತದೆ.

ಹಾಗಾದರೆ ಹೊಣೆಗೆ ಕೊನೆಯೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಸಾಲಕ್ಕೆ ಗಡುವು ಬೇಕು. ಕಾನೂನು ವರ್ಷ ಎಣಿಸಲೇಬೇಕು. ಆದರೆ ಆಮ್ಲದ ನೀರು ಹತ್ತಾರು ವರ್ಷ ಹರಿಯಬಲ್ಲದು. ಠೇವಣಿ ವಾಪಸು ಬಂದರೂ ಹೊಳೆ ಕೆಂಪಗೇ ಹರಿಯುತ್ತಿದ್ದರೆ ಉಂಡವರ ಋಣ ತೀರಿತೆನ್ನಲು ನನಗೆ ಮನಸ್ಸು ಬಾರದು.

ಈ ಮಾತು ದೂರದವರಿಗೆ ಮಾತ್ರವಲ್ಲ. ನಮ್ಮ ನಾಡಿನಲ್ಲಿ ಕಲ್ಲಿದ್ದಲ ಗಣಿಯಿಲ್ಲ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಉರಿಯುವುದು ಬೇರೆ ಸೀಮೆಯವರ ನೆಲದ ಕಲ್ಲಿದ್ದಲು. ಆ ಬೆಳಕಿನಲ್ಲಿ ನಾವೂ ಉಂಡಿದ್ದೇವೆ. ಅಲ್ಲಿಗೆ ಹೋಗಿ ಏರಿ ನೋಡಲು ನಮ್ಮಿಂದಾಗದು. ಆ ನೆಲ ಈಗ ಹೇಗಿದೆ, ಅಲ್ಲಿಯವರು ಯಾವ ನೀರು ಕುಡಿಯುತ್ತಿದ್ದಾರೆ ಎಂದು ಕೇಳುವುದಾದರೂ ನಮ್ಮ ಪಾಲಿನ ಕೆಲಸವಲ್ಲವೇ?