ದೇವರ ಚಿತ್ತವೋ, ನಮ್ಮ ಚಿತ್ತವೋ?



ಎರಡು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಒಬ್ಬ ಕುಟುಂಬಸ್ಥರನ್ನು ಮಣ್ಣುಮಾಡಿದೆವು. ಅವರಿಗೆ ವಯಸ್ಸು 49. ರಾತ್ರಿ ಎಲ್ಲರೊಡನೆ ಜಪಸರ ಹೇಳಿ, ಊಟ ಮಾಡಿ ಮಲಗಿದವರು ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದು ಕುಳಿತರು. ಆಸ್ಪತ್ರೆಯ ಬಾಗಿಲು ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಅಂದಿನ ಬಲಿಪೂಜೆಯಲ್ಲಿ ನಾನು ಪ್ರಬೋಧನೆ ನೀಡಿದೆ. ದೇವರ ಚಿತ್ತ ನಮ್ಮ ಬುದ್ಧಿಗೆ ಎಟುಕುವುದಿಲ್ಲ, ತಲೆಬಾಗುವುದೇ ನಮ್ಮ ಪಾಲು ಎಂದೆ. ಗುರುವಾದಂದಿನಿಂದ ಎಷ್ಟೋ ಶವಪೆಟ್ಟಿಗೆಗಳ ಮುಂದೆ ನಿಂತು ಹೇಳಿದ ಮಾತು ಅದು. ಜನರೂ ತಲೆಯಾಡಿಸಿದರು.

ಮೂವತ್ತನೇ ದಿನದ ಪೂಜೆ ಬರೆಸಲು ಅವರ ಹೆಂಡತಿ ಗುರುಮನೆಗೆ ಬಂದರು. ಕಾಣಿಕೆ ಕೊಟ್ಟು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಸ್ವಾಮಿ, ಒಂದು ಕೇಳ್ಲಾ? ಡಾಕ್ಟ್ರು ಎರಡು ವರ್ಷದಿಂದ ಹೇಳ್ತಾನೇ ಇದ್ರು, ಸಕ್ಕರೆ ಜಾಸ್ತಿ ಇದೆ, ಮೈ ಬಗ್ಗಿಸಿ ಏನಾದ್ರೂ ಮಾಡಿ ಅಂತ. ಇವ್ರು, ಎಲ್ಲಾ ದೇವರ ಚಿತ್ತ ಕಣೇ ಅಂತಿದ್ರು. ನೀವೂ ಪೂಜೇಲಿ ಅದನ್ನೇ ಹೇಳಿದ್ರಿ. ಅದು ದೇವರ ಚಿತ್ತವೋ, ನಮ್ಮ ಚಿತ್ತವೋ ಸ್ವಾಮಿ?"

ಕೋಪದಿಂದ ಕೇಳಿದ ಮಾತಲ್ಲ. ಆಕೆಗೆ ನಿಜವಾಗಿಯೂ ಉತ್ತರ ಬೇಕಿತ್ತು. ನನ್ನ ಬಳಿ ಇರಲಿಲ್ಲ. ಆಕೆಯೇ ಮಾತು ಮುಂದುವರಿಸಿದರು: "2020ರ ಲಾಕ್‌ಡೌನ್‌ನಲ್ಲಿ ಒಂದು ಗೇರ್ ಸೈಕಲ್ ತಂದಿದ್ರು. ಹತ್ತು ದಿನ ತುಳಿದ್ರು. ಆಮೇಲೆ ಅದರ ಮೇಲೆ ಬಟ್ಟೆ ಒಣಗಾಕ್ತಿದ್ದೆ. ಈಗ ಅದನ್ನ ನೋಡಕ್ಕಾಗಲ್ಲ. ಯಾರಿಗಾದ್ರೂ ಕೊಟ್ಬಿಡಿ."

ಆ ಸೈಕಲ್ಲನ್ನು ನಾನು ಯಾರಿಗೂ ಕೊಡಲಿಲ್ಲ. ಕಾರಣ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವರನ್ನು ಸಮಾಧಿ ಮಾಡಿದ ದಿನ, ನಮ್ಮ ಸಮಾಧಿ ಭೂಮಿಯ ಆ ಸಣ್ಣ ಏರಿನಲ್ಲಿ ನಾನು ಎರಡು ಸಲ ನಿಂತಿದ್ದೆ. ತೀರ್ಥದ ಪಾತ್ರೆ ಹಿಡಿದ ಹುಡುಗ ಮುಂದೆ ಹೋಗಿ ತಿರುಗಿ ನೋಡುತ್ತಾ ಕಾದಿದ್ದ. ಪ್ರಾರ್ಥನೆಯ ಮೊದಲ ಸಾಲು ಹೇಳಲು ನನಗೆ ಉಸಿರಿರಲಿಲ್ಲ. ಆಗ ನನಗೆ 53 ವರ್ಷ, ತೂಕ 88 ಕಿಲೊ, ರಕ್ತದೊತ್ತಡ 150ಕ್ಕೆ 96, ಬರಿ ಹೊಟ್ಟೆಯ ಸಕ್ಕರೆ 164. ಮನೆ ಆಶೀರ್ವಾದ, ನಾಮಕರಣ, ನಿಶ್ಚಿತಾರ್ಥ, ಹಬ್ಬದೂಟ ಎಂದು ಎಲ್ಲಿ ಹೋದರೂ ಗುರುಗಳ ಎಲೆಗೆ ಎರಡು ತುಂಡು ಹೆಚ್ಚು. ಬೇಡ ಎನ್ನಲು ನನಗೆ ಬರುತ್ತಿರಲಿಲ್ಲ, ಬರಲಿ ಎಂಬ ಆಸೆಯೂ ಇರಲಿಲ್ಲ. ತಪಸ್ಸುಕಾಲದ ಶುಕ್ರವಾರ ಮಾಂಸ ಬಿಡಿ ಎಂದು ನಿಮಗೆ ಹೇಳಿ, ಈಸ್ಟರ್ ಮುಗಿದ ಮೇಲೆ ನಲವತ್ತು ದಿನದ್ದನ್ನೂ ಒಟ್ಟಿಗೆ ತೀರಿಸಿಕೊಳ್ಳುತ್ತಿದ್ದವನು ನಾನು.

ಡಾಕ್ಟರರ ಬಳಿ ಹೋದೆ. ಇಸಿಜಿ ಮಾಡಿಸಿದರು. ನಲವತ್ತು ದಾಟಿ, ಸಕ್ಕರೆ, ರಕ್ತದೊತ್ತಡ ಇರುವವರು ಪರೀಕ್ಷೆ ಮಾಡಿಸದೆ ಏಕಾಏಕಿ ಸೈಕಲ್ ಹತ್ತಬಾರದು, ಇದನ್ನು ಓದುವ ನೀವೂ ಹತ್ತಬೇಡಿ. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ನಾಲ್ಕು ಪೆಪ್ಪರ್‌ಮೆಂಟ್ ಇಟ್ಟುಕೊಳ್ಳಬೇಕು, ದಾರಿಯಲ್ಲಿ ಸಕ್ಕರೆ ಇಳಿದು ಕಣ್ಣು ಕತ್ತಲಾಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕವನ್ನೂ ಅವರು ತಿಳಿಸಿದರು: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ವ್ಯಾಯಾಮ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ. ಸಾಧಾರಣ ವೇಗವೆಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಕೆಲಸ ಮಾಡುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ, ಹಾಗಾಗಿ ಕಾಲಿಗೆ ಕೆಲಸ ಕೊಡಿ ಎಂದರು. ಮೈಯ ಭಾರ ಸೀಟಿನ ಮೇಲಿರುವುದರಿಂದ ಓಡುವುದಕ್ಕಿಂತ ಸೈಕಲ್ಲೇ ಮಂಡಿಗೆ ಹಗುರ ಎಂದೂ ಹೇಳಿದರು.

ಗುರುಮಠದಲ್ಲಿ ಓದುವಾಗ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸೈಕಲ್ಲಿನಲ್ಲಿ ಹೋಗಿ, ಕಾವೇರಿಯಲ್ಲಿ ಮಿಂದು, ಸಂಜೆಯ ಪ್ರಾರ್ಥನೆಗೆ ಮರಳುತ್ತಿದ್ದವನು ನಾನು. ಆ ನೆನಪನ್ನೇ ನಂಬಿ ಮೊದಲ ದಿನ ಹೊರಟೆ. ನೆನಪಿಗೆ 22 ವರ್ಷ, ಮಂಡಿಗೆ 53. ಊರಾಚೆಯ ಹೊಗೆಸೊಪ್ಪಿನ ಬ್ಯಾರನ್ನಿನವರೆಗೆ, ಅಂದರೆ ಹೆಚ್ಚೆಂದರೆ ಒಂದು ಕಿಲೋಮೀಟರ್ ಹೋಗಿ ಇಳಿದೆ. ಹಾಲು ಹಾಕಿ ಬರುತ್ತಿದ್ದ ಅಜ್ಜಿಯೊಬ್ಬರು, "ಯಾಕ್ ಸ್ವಾಮ್ಯೋರೆ, ಕಾರ್ ಕೆಟ್ಟೋಯ್ತಾ?" ಎಂದರು. ಹೌದಮ್ಮಾ ಎಂದುಬಿಟ್ಟೆ. ಸಣ್ಣ ಸುಳ್ಳು. ಆದರೆ ಅದರಲ್ಲಿ ನನ್ನ ದೊಡ್ಡ ರೋಗವೇ ಇತ್ತು. ಬಲವಿಲ್ಲದಿದ್ದುದಕ್ಕಿಂತ, ಬಲವಿಲ್ಲವೆಂದು ಊರಿಗೆ ತಿಳಿಯುವುದೇ ನನಗೆ ಕಷ್ಟವಾಗಿತ್ತು.

ಪ್ರಿಯರೇ, ಯೊವಾನ್ನರ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಕೊಳದ ದಡದಲ್ಲಿ 38 ವರ್ಷ ಬಿದ್ದುಕೊಂಡಿದ್ದ ರೋಗಿ ನಿಮಗೆ ನೆನಪಿರಬಹುದು. ಯೇಸುಸ್ವಾಮಿ ಅವನ ಬಳಿಗೆ ಹೋಗಿ, ಗುಣವಾಗುವ ಮನಸ್ಸು ನಿನಗಿದೆಯೇ ಎಂದು ವಿಚಾರಿಸಿದರು. ಚಿಕ್ಕವನಿದ್ದಾಗ ಇದೆಂಥ ಪ್ರಶ್ನೆ ಎನಿಸುತ್ತಿತ್ತು. ರೋಗಿಗೆ ಗುಣವಾಗುವ ಮನಸ್ಸಿರದೆ ಇರುತ್ತದೆಯೇ? ಈಗ ಹಾಗೆನಿಸುವುದಿಲ್ಲ. ಅವನು ಹೌದು ಎನ್ನಲಿಲ್ಲ, ನೋಡಿ. ತನ್ನನ್ನು ನೀರಿಗೆ ಇಳಿಸುವವರಿಲ್ಲ, ಅಷ್ಟರಲ್ಲಿ ಬೇರೆಯವರು ಇಳಿದುಬಿಡುತ್ತಾರೆ ಎಂದು ಕಾರಣ ಹೇಳಿದ. ನಮ್ಮಲ್ಲೂ ಕಾರಣಗಳಿಗೆ ಬರವಿಲ್ಲ. ಮಳೆ, ನಾಯಿ ಕಾಟ, ಬೆಳಗಿನ ಪೂಜೆ, ಮಕ್ಕಳ ಪರೀಕ್ಷೆ. ಎಲ್ಲಕ್ಕಿಂತ ಭಕ್ತಿಯುತವಾದ ಕಾರಣ ದೇವರ ಚಿತ್ತ. ಅದನ್ನು ಹೇಳಿದರೆ ಡಾಕ್ಟರೂ ಸುಮ್ಮನಾಗುತ್ತಾರೆ, ಗುರುಗಳೂ ಸುಮ್ಮನಾಗುತ್ತಾರೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಆ ತಾಯಿಯ ಪ್ರಶ್ನೆಗೆ, ಹೌದಮ್ಮಾ, ನಿನ್ನ ಗಂಡನದೇ ತಪ್ಪು ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ದಿನವೂ ಮೈ ದಂಡಿಸಿದವರಿಗೂ ಹೃದಯಾಘಾತವಾಗುತ್ತದೆ, ಕೆಲವು ಮನೆತನಗಳಲ್ಲಿ ಆ ರೋಗ ರಕ್ತದಲ್ಲೇ ಬಂದಿರುತ್ತದೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪ ಎಂದು ಕೇಳಿದಾಗ, ಅವನದೂ ಅಲ್ಲ, ಹೆತ್ತವರದೂ ಅಲ್ಲ ಎಂದು ಸ್ವಾಮಿಯೇ ಆ ಲೆಕ್ಕಾಚಾರವನ್ನು ಮುಚ್ಚಿದರು. ಸತ್ತವರ ಲೆಕ್ಕ ದೇವರ ಬಳಿ ಇರಲಿ. ಬದುಕಿರುವ ನಾನು, ನನ್ನ ಕಾಲು ಮಾಡಬೇಕಾದ ಕೆಲಸವನ್ನು ದೇವರ ಲೆಕ್ಕಕ್ಕೆ ಬರೆಯುತ್ತಿದ್ದೆನಲ್ಲ, ಮಾತು ಅದರದು. ಕಥೋಲಿಕ ಧರ್ಮಸಭೆಯು 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥದ 2288ನೇ ಕಂಡಿಕೆ, ಜೀವ ಮತ್ತು ಆರೋಗ್ಯ ದೇವರು ನಮ್ಮ ಕೈಗೊಪ್ಪಿಸಿದ ಅಮೂಲ್ಯ ವರಗಳು, ಅವನ್ನು ತಕ್ಕಮಟ್ಟಿಗೆ ಕಾಪಾಡುವುದು ನಮ್ಮ ಕರ್ತವ್ಯ ಎನ್ನುತ್ತದೆ. ಒಪ್ಪಿಸಿದ್ದು ಎಂದರೆ ನಮ್ಮದಲ್ಲ, ಹಿಂದಿರುಗಿಸಬೇಕಾದದ್ದು. ಯಜಮಾನನು ಕೊಟ್ಟ ಹಣವನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನ ಸಾಮತಿಯನ್ನು ನಾವು ಯಾವಾಗಲೂ ಪ್ರತಿಭೆ, ವಿದ್ಯೆ ಎಂದೇ ವಿವರಿಸುತ್ತೇವೆ. ಕುರ್ಚಿಯಲ್ಲಿ ಹೂತಿಟ್ಟ ದೇಹವೂ ಅದರೊಳಗೆ ಸೇರುತ್ತದೆ ಎಂದು ನನಗೆ ತೋರಿದ್ದು ಆ ಬ್ಯಾರನ್ನಿನ ಬಳಿ ಏದುಸಿರು ಬಿಡುತ್ತಾ ನಿಂತಾಗ.

ಅಸ್ಸಿಸಿಯ ಸಂತ ಫ್ರಾನ್ಸಿಸರು ತಮ್ಮ ದೇಹವನ್ನು 'ಸಹೋದರ ಕತ್ತೆ' ಎಂದು ಕರೆದು ಬಹಳ ಕಠಿಣವಾಗಿ ನಡೆಸಿಕೊಂಡರು. ಕೊನೆಗಾಲದಲ್ಲಿ ಅದೇ ದೇಹದ ಕ್ಷಮೆ ಕೇಳಿದರೆಂದು ಅವರ ಚರಿತ್ರೆ ಹೇಳುತ್ತದೆ. ಅವರು ಹೆಚ್ಚು ದುಡಿಸಿದ್ದಕ್ಕೆ ಕ್ಷಮೆ ಕೇಳಿದರು. ನಾವು ಕೇಳಬೇಕಾದ್ದು ಹೆಚ್ಚು ಮೇಯಿಸಿದ್ದಕ್ಕೆ.

ನಾಲ್ಕನೇ ದಿನ ಮಂಡಿ ನೋವು ಬಂತು. ಬಿಡಲು ಒಳ್ಳೆಯ ಕಾರಣ ಸಿಕ್ಕಿತೆಂದು ಒಳಗೊಳಗೇ ಸಂತೋಷವಾಯಿತು! ಪೇಟೆಯ ಸೈಕಲ್ ಶಾಪಿನ ಭಾಯ್ ನನ್ನನ್ನು ಹತ್ತಿಸಿ ನೋಡಿ ನಕ್ಕರು. "ಸೀಟ್ ಇಷ್ಟು ಕೆಳಗಿದ್ರೆ ಮಂಡಿ ಅಳದೆ ಏನ್ ಮಾಡುತ್ತೆ ಫಾದರ್?" ಪೆಡಲ್ಲು ತೀರಾ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು, ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಸ್ವಲ್ಪವೇ ಬಾಗಿರುತ್ತದೆ, ಅದೇ ಅಳತೆ ಎಂದು ತೋರಿಸಿ ಸೀಟು ಏರಿಸಿದರು. ಭಾರಿ ಗೇರಿನಲ್ಲಿ ಒದ್ದಾಡಬೇಡಿ, ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯಿರಿ, ಏರಿಗೆ ಬರುವ ಮುಂಚೆಯೇ ಗೇರು ಇಳಿಸಿ, ವಾರಕ್ಕೊಮ್ಮೆ ಗಾಳಿ ನೋಡಿ ಎಂದರು. ಏರಿನ ಮಧ್ಯದಲ್ಲಿ ಗೇರು ಬದಲಿಸಲು ಹೋದರೆ ಚೈನು ಕಟಕಟ ಎನ್ನುತ್ತದೆ, ಕೆಲವೊಮ್ಮೆ ಕಳಚಿಯೂ ಹೋಗುತ್ತದೆ. ಶೋಧನೆ ಬಂದ ಮೇಲೆ ಪ್ರಾರ್ಥನೆ ಕಲಿಯಲು ಹೊರಡುವವರಿಗೆ ಈ ಮಾತು ಹೇಳಬೇಕೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಆ ನೋವು ಒಂದು ವಾರದಲ್ಲಿ ಹೋಯಿತು. ಕೂರುವ ಜಾಗದ ನೋವು ಹೋಗಲು ಮೂರು ವಾರ ಬೇಕಾಯಿತು, ಅದನ್ನು ವಿವರಿಸುವುದಿಲ್ಲ.

ಆರು ತಿಂಗಳಲ್ಲಿ ತೂಕ 81ಕ್ಕೆ ಇಳಿಯಿತು. ಸಕ್ಕರೆಯೂ ತಗ್ಗಿತು. ಆಗ ಎರಡನೆಯ ಶೋಧನೆ ಬಂತು. ಫೋನಿನಲ್ಲಿ ದೂರ, ವೇಗ ಎಲ್ಲ ಲೆಕ್ಕ ಬರುತ್ತದಲ್ಲ, ನಿನ್ನೆಗಿಂತ ಇಂದು ಎರಡು ನಿಮಿಷ ಬೇಗ ಎಂಬ ಹುಚ್ಚು ಹತ್ತಿತು. ಬಿಸಿಲೇರುವ ಮುಂಚೆ ಹೊರಡಬೇಕೆಂದು ಬೆಳಗಿನ ಪೂಜೆಯನ್ನು ಅವಸರಿಸತೊಡಗಿದೆ. ಒಂದು ದಿನ ಪೂಜೆ ಮುಗಿದ ಮೇಲೆ ಒಬ್ಬ ತಾಯಿ, "ಸ್ವಾಮಿ, ಮಗನ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು" ಎಂದರು. ನಾನು ಗಡಿಯಾರ ನೋಡಿದೆ. ಆಕೆ, "ಇರ್ಲಿ ಬಿಡಿ ಸ್ವಾಮಿ" ಎಂದು ಹೋಗಿಬಿಟ್ಟರು. ಅದೇ ಧರ್ಮೋಪದೇಶ ಗ್ರಂಥದ ಮುಂದಿನ ಕಂಡಿಕೆ, 2289, ದೇಹಕ್ಕಾಗಿ ಎಲ್ಲವನ್ನೂ ಬಲಿಕೊಡುವ ದೇಹಪೂಜೆಯನ್ನು ಧರ್ಮಸಭೆ ಒಪ್ಪುವುದಿಲ್ಲ ಎನ್ನುತ್ತದೆ. ಆರು ತಿಂಗಳಲ್ಲಿ ನಾನು ಒಂದು ಕಂಡಿಕೆಯಿಂದ ಇನ್ನೊಂದಕ್ಕೆ ಜಾರಿದ್ದೆ. ಆ ವಾರ ಪಾಪನಿವೇದನೆಗೆ ಹೋದಾಗ ಸೈಕಲ್ಲಿನ ವಿಷಯವನ್ನೂ ಹೇಳಬೇಕಾಯಿತು.

ಆಗ ನನಗೆ ಆಸರೆಯಾದದ್ದು ಇಟಲಿಯ ಜೀನೊ ಬಾರ್ತಲಿ ಅವರ ಜೀವನ. 1914ರಲ್ಲಿ ಫ್ಲಾರೆನ್ಸ್ ಬಳಿ ಹುಟ್ಟಿದ ಈ ಸೈಕಲ್ ವೀರ, ಫ್ರಾನ್ಸಿನ ಮಹಾ ಸ್ಪರ್ಧೆ ಟೂರ್ ಡಿ ಫ್ರಾನ್ಸ್ ಅನ್ನು 1938ರಲ್ಲಿ ಗೆದ್ದರು. ನಡುವೆ ಎರಡನೇ ಮಹಾಯುದ್ಧ ಬಂತು. 1948ರಲ್ಲಿ, ಇನ್ನು ಇವರ ಕಾಲ ಮುಗಿಯಿತು ಎಂದು ಜನ ಅಂದುಕೊಂಡಿದ್ದಾಗ, ಮತ್ತೆ ಗೆದ್ದರು. ತಮ್ಮ ಜೂಲಿಯೊ ಸೈಕಲ್ ಸ್ಪರ್ಧೆಯಲ್ಲೇ ಅಪಘಾತವಾಗಿ 1936ರಲ್ಲಿ ತೀರಿಕೊಂಡಾಗ ಸೈಕಲ್ಲನ್ನೇ ಬಿಟ್ಟುಬಿಡುವ ಮನಸ್ಸಾಗಿತ್ತು ಅವರಿಗೆ. ಬಿಡಲಿಲ್ಲ, ಕಾರ್ಮೆಲ್ ಸಭೆಯ ಮೂರನೇ ವರ್ಗದ ಸದಸ್ಯರಾಗಿ, ಜನಸಾಮಾನ್ಯರ ನಡುವೆಯೇ ಇದ್ದು ವ್ರತದ ಬಾಳು ಬಾಳಿದರು.

ನಾನು ಹೇಳಬೇಕೆಂದಿರುವುದು ಈ ಎರಡು ಗೆಲುವುಗಳ ನಡುವಿನ ಮಾತು. 1943ರಲ್ಲಿ ಜರ್ಮನ್ ಪಡೆ ಇಟಲಿಯನ್ನು ಹಿಡಿದು ಯೆಹೂದ್ಯರನ್ನು ಬೇಟೆಯಾಡತೊಡಗಿದಾಗ, ಫ್ಲಾರೆನ್ಸಿನ ಕಾರ್ಡಿನಲ್ ಎಲಿಯ ದಲ್ಲ ಕೋಸ್ತ ಅವರು ಬಾರ್ತಲಿಯವರ ಸಹಾಯ ಕೇಳಿದರು. ಸ್ಪರ್ಧೆಯ ಅಭ್ಯಾಸವೆಂಬ ನೆಪದಲ್ಲಿ ಅವರು ಫ್ಲಾರೆನ್ಸ್‌ನಿಂದ ಅಸ್ಸಿಸಿಗೆ ಸೈಕಲ್ ತುಳಿದರು. ಸೈಕಲ್ಲಿನ ಟೊಳ್ಳು ಕೊಳವೆಗಳೊಳಗೆ ಭಾವಚಿತ್ರಗಳು, ಸುಳ್ಳು ಗುರುತಿನ ಪತ್ರಗಳು. ಅವು ಕೈಸೇರಿದವರಿಗೆ ಜೀವ ಉಳಿಯುತ್ತಿತ್ತು. ಸಿಕ್ಕಿಬಿದ್ದಿದ್ದರೆ ಇವರ ಜೀವ ಹೋಗುತ್ತಿತ್ತು. ಒಂದು ಯೆಹೂದಿ ಕುಟುಂಬಕ್ಕೆ ಅಡಗಲು ಜಾಗವನ್ನೂ ಕೊಟ್ಟರು. ಯುದ್ಧ ಮುಗಿದ ಮೇಲೆ ಇದನ್ನು ಊರಿಗೆ ಸಾರಿಕೊಳ್ಳಲಿಲ್ಲ. ಅವರು 2000ದಲ್ಲಿ ತೀರಿಕೊಂಡರು. ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ ಯೆಹೂದ್ಯರನ್ನು ಕಾಪಾಡಿದ ಸಜ್ಜನರ ಪಟ್ಟಿಗೆ ಅವರ ಹೆಸರನ್ನು ಸೇರಿಸಿದ್ದು 2013ರಲ್ಲಿ. ನಮ್ಮಲ್ಲಿ ಹಲವರು ಗುಡಿಯ ಫ್ಯಾನಿಗೂ ಹೆಸರು ಬರೆಸುತ್ತೇವೆ.

ಇಟಲಿಯ ಕೋಮೊ ಸರೋವರದ ಬಳಿ, ಗಿಸಲ್ಲೊ ಎಂಬ ಬೆಟ್ಟದ ಏರಿನ ತುದಿಯಲ್ಲಿ ಮಾತೆ ಮರಿಯಮ್ಮನವರ ಪುಟ್ಟ ಗುಡಿಯಿದೆ. 1949ರಲ್ಲಿ ವಿಶ್ವಗುರು ಹನ್ನೆರಡನೇ ಪಿಯುಸ್ ಅವರು ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿ ಎಂದು ಘೋಷಿಸಿದರು. ಗುಡಿಯ ಗೋಡೆಗಳ ಮೇಲೆ ಹೆಸರಾಂತ ಸವಾರರ ಸೈಕಲ್ಲುಗಳು ತೂಗಿವೆ, ಬಾರ್ತಲಿಯವರದೂ ಇದೆ. ಮಾತೆಗೆ ಹರಕೆ ಒಪ್ಪಿಸುವುದರಲ್ಲಿ ಅವರೂ ನಮ್ಮ ಹಾಗೆಯೇ ಎನ್ನಿ.

ಇವರ ಕಥೆ ಓದಿದ ಮೇಲೆ ಫೋನನ್ನು ಮನೆಯಲ್ಲೇ ಬಿಡಲಾರಂಭಿಸಿದೆ. ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಒಯ್ಯುವುದನ್ನು ಸೈಕಲ್ಲಿನಲ್ಲೇ ಮಾಡತೊಡಗಿದೆ. ನಮ್ಮ ಉಪಕೇಂದ್ರ ಏಳು ಕಿಲೋಮೀಟರ್ ದೂರ, ಒಟ್ಟು ಹದಿನಾಲ್ಕು. ಇದರಿಂದ ನಾನು ಎಣಿಸದೇ ಇದ್ದ ಒಂದು ಲಾಭವಾಯಿತು. ಕಾರಿನ ಗಾಜು ಏರಿಸಿಕೊಂಡು ಹೋಗುವವನನ್ನು ಯಾರೂ ನಿಲ್ಲಿಸುವುದಿಲ್ಲ. ಸೈಕಲ್ಲಿನವನನ್ನು ಕೈ ಎತ್ತಿ ನಿಲ್ಲಿಸಬಹುದು. ಪೂಜೆಗೆ ಬರುವುದನ್ನು ಬಿಟ್ಟು ವರ್ಷಗಳಾದ ಒಬ್ಬರು ಹೊಲದ ಬದುವಿನಲ್ಲಿ ನಿಲ್ಲಿಸಿ, ಎಳನೀರು ಕೆತ್ತಿಕೊಟ್ಟು, ಅರ್ಧ ಗಂಟೆ ಮಾತಾಡಿದರು. ಗಡಿಯಾರ ನೋಡಿದ ದಿನ ಹಿಂದಿರುಗಿದ ಆ ತಾಯಿಯ ಮನೆಗೂ ಒಂದು ಸಂಜೆ ಹೋಗಿ ಕ್ಷಮೆ ಕೇಳಿ ಬಂದೆ.

ಮನೆಯ ತಾಯಂದಿರಿಗೂ ಒಂದು ಮಾತು. ಸರ್ಕಾರ 2006–07ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಎಷ್ಟೋ ಮನೆಗಳ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿವೆ. ನಮ್ಮ ಗಾಯನ ವೃಂದದ 46 ವರ್ಷದ ಅಕ್ಕ ಒಬ್ಬರು ಮಗಳ ಆ ಸೈಕಲ್ಲಿಗೆ ಟಯರು, ಟ್ಯೂಬು, ಬ್ರೇಕಿನ ರಬ್ಬರು ಬದಲಿಸಿಕೊಂಡು ಈಗ ಗುಡಿಗೆ ಅದರಲ್ಲೇ ಬರುತ್ತಾರೆ. ಮೊದಲು ಜನ ನಕ್ಕರಂತೆ. ಈಗ ಇಬ್ಬರು ಜೊತೆಯಾಗಿದ್ದಾರೆ.

ಕಳೆದ ನವೆಂಬರ್ 1ರ ಸಂಜೆ, ಮರುದಿನದ ಮೃತರ ಸ್ಮರಣೆಗೆ ಸಮಾಧಿಗಳನ್ನು ತೊಳೆದಿದ್ದಾರೋ ಎಂದು ನೋಡಲು ಸೈಕಲ್ಲಿನಲ್ಲೇ ಹೋದೆ. ಆ ಏರಿನಲ್ಲಿ ನಾನೀಗ ಹುಣಸೆ ಮರದವರೆಗೆ ತುಳಿಯಬಲ್ಲೆ, ಅಲ್ಲಿಂದ ಮೇಲೆ ತಳ್ಳಿಕೊಂಡೇ ಹೋಗುತ್ತೇನೆ. ಮೇಲೆ ಆ ತಾಯಿ ಗಂಡನ ಸಮಾಧಿಗೆ ಸುಣ್ಣ ಬಳಿಯುತ್ತಿದ್ದರು. ಹದಿನಾರರ ಮಗ ನೀರು ಹೊತ್ತು ತರುತ್ತಿದ್ದ. ಸೈಕಲ್ಲನ್ನು ನೋಡಬಾರದೆಂದು ಕೊಟ್ಟಿದ್ದವರು. ಎದುರಿಗೇ ತಂದು ನಿಲ್ಲಿಸಿಬಿಟ್ಟೆನಲ್ಲ ಎಂದು ಮನಸ್ಸು ಅಳುಕಿತು. ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ಚೈನ್ ಕಿರುಗುಟ್ತಾ ಇದೆ ಸ್ವಾಮಿ," ಎಂದರು. "ಎಣ್ಣೆ ಬಿಡ್ಬಾರ್ದಾ?"

ಹುಡುಗ ಕೊಡ ಇಳಿಸಿ ಬಂದು ಪೆಡಲ್ಲನ್ನು ಕೈಯಲ್ಲೇ ತಿರುಗಿಸಿ ನೋಡಿದ. "ಒಂದು ರೌಂಡ್ ಹೋಗ್ಬರ್ಲಾ ಸ್ವಾಮಿ?" ಎಂದು ಕೇಳಿದ್ದು ನನ್ನನ್ನು, ನೋಡಿದ್ದು ತಾಯಿಯ ಮುಖ. ಆಕೆ ಸುಣ್ಣದ ಕುಂಚ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೂಂ ಎಂದರು. ಹುಡುಗ ಹತ್ತಿದವನೇ ಇಳಿಜಾರಿನಲ್ಲಿ ಬಿಟ್ಟ ಬಾಣದಂತೆ ಹೋದ.

"ಬ್ರೇಕ್ ಹಿಡ್ಕೊಳ್ಳೋ!" ಎಂದು ಆಕೆ ಸಮಾಧಿ ಭೂಮಿಯೆಲ್ಲ ಕೇಳುವಂತೆ ಕೂಗಿದರು.