ಜೀರ್ಣೋದ್ಧಾರದ ಧರ್ಮ

ಹಳೆಯ ವಸ್ತುವನ್ನು ಸರಿಪಡಿಸಹೊರಟವನಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗದೆ ಇರದು: ತಾನು ಉಳಿಸುತ್ತಿರುವುದು ಏನನ್ನು? ವಸ್ತುವನ್ನೋ, ಅದರ ರೂಪವನ್ನೋ, ಅಥವಾ ಅದರ ವಿಷಯದಲ್ಲಿ ತನಗಿರುವ ಮಮತೆಯನ್ನೋ? ಗೋಪುರಕ್ಕೆ ಬಣ್ಣ ಬಳಿಸುವ ಧರ್ಮದರ್ಶಿಗಳು, ತಾಳೆಯೋಲೆಯ ಗ್ರಂಥದಲ್ಲಿ ಹುಳು ತಿಂದ ಅಕ್ಷರಗಳನ್ನು ಊಹಿಸಿ ತುಂಬುವ ಸಂಪಾದಕರು, ಅಜ್ಜಿಯ ಅಡ್ಡಿಕೆಯನ್ನು ಕರಗಿಸಿ ಮತ್ತೆ ಅಡ್ಡಿಕೆಯನ್ನೇ ಮಾಡಿಸುವ ಮೊಮ್ಮಗಳು—ಇವರೆಲ್ಲರೂ ತಿಳಿದೋ ತಿಳಿಯದೆಯೋ ಇದಕ್ಕೆ ಉತ್ತರ ಕೊಟ್ಟವರೇ. ನನಗೆ ಈ ಪ್ರಶ್ನೆ ಬಂದುದು ಅಷ್ಟು ಗೌರವದ ಸ್ಥಳದಲ್ಲಲ್ಲ. ಒಂದು ಹಳೆಯ ಮೋಟಾರು ಕಾರಿನ ಕೆಳಗೆ, ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದಾಗ.

ಕಾರು ನಮ್ಮ ತಂದೆಯವರದು. 1968ರಲ್ಲಿ ಕೊಂಡ ಫಿಯಟ್ 1100 ಡಿಲೈಟ್. ಇಟಲಿಯ ಫಿಯಟ್ ಕಂಪೆನಿಯ ಪರವಾನಗಿಯಿಂದ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪೆನಿಯವರು ತಯಾರಿಸಿದ್ದು. ನಮ್ಮ ದೇಶದಲ್ಲಿಯೇ ಮೋಟಾರು ಕಾರ್ಖಾನೆಯೊಂದು ಆಗಬೇಕೆಂದು 1930ರ ದಶಕದಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪಟ್ಟ ಶ್ರಮ ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಈ ಕಂಪೆನಿಯನ್ನು ಆ ಯತ್ನದ ಫಲವೆಂದೇ ಎಣಿಸಬೇಕು. ಇದೇ ಬಂಡಿ ಮುಂದೆ ಪದ್ಮಿನಿ ಎಂಬ ಹೆಸರು ತಳೆದು ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದೇಶಕ್ಕೆಲ್ಲ ಪರಿಚಿತವಾಯಿತು. ಇಪ್ಪತ್ತು ವರ್ಷದ ವಯೋಮಿತಿ ತೀರಿ 2023ರ ಅಕ್ಟೋಬರ್ ತಿಂಗಳ ಕೊನೆಗೆ ಆ ಟ್ಯಾಕ್ಸಿಗಳ ಕಡೆಯದೂ ನಿವೃತ್ತಿ ಹೊಂದಿತು.

ನಮ್ಮ ಮನೆಗೆ ಮೋಟಾರು ಶೆಡ್ಡು ಇಲ್ಲ. ಮನೆಯ ಗೋಡೆಗೂ ಪಕ್ಕದ ಮನೆಯ ಬೇಲಿಗೂ ನಡುವೆ ಹೊಂಗೆಯ ಮರದ ಕೆಳಗೆ ಇರುವ ಹತ್ತಡಿ ಅಗಲದ ಮಣ್ಣುನೆಲವೇ ನಮ್ಮ ಕಾರ್ಯಾಗಾರ. ತಂದೆಯವರು ತೀರಿಕೊಂಡ ಬಳಿಕ ಅಲ್ಲಿಯೇ ಅನೇಕ ವರ್ಷ ಆ ಕಾರು ಟಾರ್ಪಾಲು ಹೊದ್ದುಕೊಂಡು ನಿಂತಿತ್ತು. ಅದನ್ನು ಕಾಪಾಡುತ್ತಿದ್ದೇವೆಂದು ನಾವು ತಿಳಿದಿದ್ದೆವು. ವಾಸ್ತವದಲ್ಲಿ ಕೊಲ್ಲುತ್ತಿದ್ದೆವು. ಮೈಗೆ ತಾಗುವಂತೆ ಹೊದಿಸಿದ ಟಾರ್ಪಾಲಿನ ಒಳಗೆ ನೆಲದ ತೇವ ಮೇಲೆದ್ದು, ತಗಡಿನ ಮೇಲೆ ಬೆವರಾಗಿ ನಿಂತು, ಮಲೆನಾಡಿನ ಮಳೆಗಾಲ ಹೊರಗಿನಿಂದ ಮಾಡಬಹುದಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಒಳಗಿನಿಂದಲೇ ಮಾಡಿತ್ತು. ಈಗ ಅಡಕೆಯ ದಬ್ಬೆಗಳಿಂದ ಚಪ್ಪರ ಹಾಕಿ, ಗಾಳಿಯಾಡುವಂತೆ ಮೇಲುಗಡೆ ಮಾತ್ರ ಟಾರ್ಪಾಲು ಕಟ್ಟಿದ್ದೇವೆ.

ಈ ಜಾತಿಯ ಕಾರಿಗೆ ಬೇರೆ ಚೌಕಟ್ಟು ಇಲ್ಲ, ಒಡಲೇ ಚೌಕಟ್ಟು. ಆದುದರಿಂದ ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಹೊಸ್ತಿಲು ತುಕ್ಕು ಹಿಡಿದರೆ ಅದು ಅಲಂಕಾರಕ್ಕೆ ಬಂದ ಕುಂದಲ್ಲ, ಬೆನ್ನುಮೂಳೆಗೆ ಬಂದ ರೋಗ. ನಮ್ಮ ಕಾರಿನ ಹೊಸ್ತಿಲಿಗೆ ತಿರುಪುಳಿಯ ತುದಿ ತಾಗಿಸಿದರೆ ಅದು ಹುರಿದ ಹಪ್ಪಳದಂತೆ ಒಳಕ್ಕೆ ಹೋಯಿತು. ಊರಿನ ವೃದ್ಧ ಮೇಸ್ತ್ರಿಗಳನ್ನು ಕರೆಸಿದೆ. ಅವರು ಸುತ್ತಲೂ ಬಂದು, ಬೆರಳಿನಿಂದ ತಟ್ಟಿ ನೋಡಿ, ಎರಡು ದಾರಿಗಳನ್ನು ಹೇಳಿದರು. "ಕೊಳೆತದ್ದನ್ನೆಲ್ಲಾ ಕತ್ತರಿಸಿ ಹೊಸ ತಗಡು ಬೆಸೆಯೋದಾದರೆ ಮೂರು ತಿಂಗಳು ಸ್ವಾಮಿ. ಪುಟ್ಟಿ ತುಂಬಿ ಬಣ್ಣ ಹೊಡೆದರೆ ಒಂದು ವಾರ. ಬ್ರಹ್ಮನಿಗೂ ಗೊತ್ತಾಗೋದಿಲ್ಲ."

ಈ ಮಾತನ್ನು ಆಡುವಾಗ ಅವರು ನನ್ನನ್ನು ಪರೀಕ್ಷಿಸುತ್ತಿದ್ದರೆಂದು ಈಗ ನನಗೆ ತೋರುತ್ತದೆ. ಏಕೆಂದರೆ ಮೂರು ತಿಂಗಳ ದಾರಿಯನ್ನು ಆರಿಸಿದಾಗ ಅವರ ಮುಖದಲ್ಲಿ ಕಂಡುದು ಕೂಲಿ ಹೆಚ್ಚಿತೆಂಬ ಸಂತೋಷವಲ್ಲ. ಕತ್ತರಿಸುವ ಮೊದಲು ಬಾಗಿಲುಗಳ ತೆರಪಿಗೆ ಕಬ್ಬಿಣದ ಪಟ್ಟಿಗಳನ್ನು ಅಡ್ಡಲಾಗಿ ಬೆಸೆದು, ಕರ್ಣಗಳನ್ನು ದಾರದಿಂದ ಅಳೆದು ಗೋಡೆಯ ಮೇಲೆ ಇದ್ದಲಿನಿಂದ ಬರೆದಿಟ್ಟರು. ಆಧಾರವಿಲ್ಲದೆ ಹೊಸ್ತಿಲು ಕತ್ತರಿಸಿದರೆ ಕಾರು ನಡುವಿನಲ್ಲಿ ಜಗ್ಗಿ, ಮತ್ತೆಂದಿಗೂ ಬಾಗಿಲು ಹಾಕಿಕೊಳ್ಳದಂತಾಗುವುದಂತೆ. ಮಣ್ಣುನೆಲವಾದುದರಿಂದ ಆಧಾರದ ಕಾಲುಗಳ ಕೆಳಗೆ ಕಲ್ಲುಚಪ್ಪಡಿಗಳನ್ನು ಮಟ್ಟವಾಗಿ ಕೂರಿಸಿದೆವು. ಇಟ್ಟಿಗೆಗಳನ್ನು ಪೇರಿಸಿಡಲು ಹೋದ ನನ್ನನ್ನು ಮೇಸ್ತ್ರಿಗಳು ಗದರಿಸಿದರು. ಭಾರ ಬಿದ್ದ ಇಟ್ಟಿಗೆ ಹೇಳದೆ ಕೇಳದೆ ಒಡೆಯುವುದು. ಕೆಳಗಿರುವವನಿಗೆ ಎದ್ದು ಬರಲು ಸಮಯವಿರುವುದಿಲ್ಲ.

ಮಳೆಗಾಲದ ಗಾಳಿಯಲ್ಲಿ ಉಜ್ಜಿದ ತಗಡು ಒಂದೇ ರಾತ್ರಿಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆದುದರಿಂದ ಸಂಜೆಯೊಳಗೆ ಪ್ರೈಮರ್ ಬಳಿಯುವುದಕ್ಕೆ ಆಗುವಷ್ಟು ಭಾಗವನ್ನು ಮಾತ್ರ ಬೆಳಿಗ್ಗೆ ಉಜ್ಜಬೇಕು. ಹೀಗೆ ಅಂಗೈಯಗಲ ಅಂಗೈಯಗಲ ಸಾಗುವ ಕೆಲಸದಲ್ಲಿ ಮನಸ್ಸಿಗೆ ಬೇಕಾದಷ್ಟು ಬಿಡುವು. ಆ ಬಿಡುವಿನಲ್ಲಿಯೇ ಮೇಲಿನ ಪ್ರಶ್ನೆ ನನ್ನನ್ನು ಹಿಡಿದದ್ದು. ನೆಲ ಹೊಸದು, ಹೊಸ್ತಿಲು ಹೊಸದು, ಬ್ರೇಕಿನ ಲೈನಿಂಗು ಹೊಸದು (ಹಳೆಯದರಲ್ಲಿ ಕಲ್ನಾರು ಇರುವ ಸಂಭವವುಂಟು; ಅದರ ಧೂಳು ಶ್ವಾಸಕೋಶಕ್ಕೆ ಕಂಟಕ), ಪೆಟ್ರೋಲಿನ ರಬ್ಬರು ನಳಿಗೆಗಳು ಹೊಸವು—ಇಂದಿನ ಪೆಟ್ರೋಲಿಗೆ ಬೆರೆಸುವ ಎಥನಾಲನ್ನು ಆ ಕಾಲದ ರಬ್ಬರು ತಾಳಲಾರದು. ಇನ್ನು ಇದು ತಂದೆಯವರ ಕಾರು ಹೇಗೆ?

ವಿಚಾರ ಹೊಸದೇನಲ್ಲ. ರಥದಲ್ಲಿ ಬಂದ ಮಿಲಿಂದರಾಜನನ್ನು ನಾಗಸೇನ ಭಿಕ್ಷುವು ಕೇಳಿದ್ದು ಇದನ್ನೇ: ಅಚ್ಚು ರಥವೆ? ಗಾಲಿ ರಥವೆ? ನೊಗ ರಥವೆ? ಯಾವುದೂ ಅಲ್ಲದಿದ್ದರೆ ಅರಸನು ಬಂದುದು ಏತರಲ್ಲಿ? ರಥವೆಂಬುದು ಭಾಗಗಳ ಕೂಟಕ್ಕೆ ನಾವಿಟ್ಟ ವ್ಯವಹಾರದ ಹೆಸರೆಂಬುದು ಅಲ್ಲಿಯ ನಿರ್ಣಯ. ಅಥೆನ್ಸಿನವರು ಥೀಸಿಯಸ್ ವೀರನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತ ಬಂದ ಕಥೆಯನ್ನು ಪ್ಲುಟಾರ್ಕನು ಹೇಳಿದ್ದಾನೆ. ನಮ್ಮ ಊರುಗಳ ತೇರಿನ ಸಂಗತಿಯೂ ಬೇರೆಯಲ್ಲ. ಒಂದು ವರ್ಷ ಅಚ್ಚು, ಇನ್ನೊಂದು ವರ್ಷ ಗಾಲಿ. ಆದರೂ ಅಜ್ಜನ ಕಾಲದ ತೇರೆಂದೇ ಅದಕ್ಕೆ ಕೈಮುಗಿಯುತ್ತೇವೆ, ಹಾಗೆನ್ನುವುದರಲ್ಲಿ ಸುಳ್ಳಿನ ಸೋಂಕು ಯಾರಿಗೂ ಕಾಣದು.

ಮೋಟಾರು ಕಾರಿನ ವಿಷಯದಲ್ಲಿಯೇ ಈ ತರ್ಕ ಇಂಗ್ಲೆಂಡಿನ ನ್ಯಾಯಾಸ್ಥಾನವನ್ನು ಏರಿದ್ದುಂಟು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯವನ್ನು ಗೆದ್ದ ಬೆಂಟ್ಲಿ ಕಾರೊಂದು "ಓಲ್ಡ್ ನಂಬರ್ ಒನ್" ಎಂದು ಪ್ರಸಿದ್ಧವಾಗಿತ್ತು. ಅನಂತರ ಅದರ ಎಂಜಿನು ಬದಲಾಯಿತು, ಒಡಲು ಬದಲಾಯಿತು, 1932ರಲ್ಲಿ ಬ್ರೂಕ್‌ಲ್ಯಾಂಡ್ಸಿನಲ್ಲಿ ಅಪಘಾತಕ್ಕೆ ಸಿಕ್ಕಿ ಅದರ ಚಾಲಕ ಮಡಿದನು, ಮತ್ತೆ ಕಟ್ಟಿದರು. ಎಷ್ಟೋ ವರ್ಷಗಳ ಮೇಲೆ ಒಂದು ಕೋಟಿ ಪೌಂಡಿಗೆ ಮಾರಾಟದ ಒಪ್ಪಂದವಾದಾಗ, ಕೊಳ್ಳುವವರು ಇದು ಆ ಕಾರೇ ಅಲ್ಲವೆಂದು ಹಣ ಕೊಡಲೊಪ್ಪಲಿಲ್ಲ. 1990ರಲ್ಲಿ ನ್ಯಾಯಾಧೀಶರಾದ ಆಟನರು, ಮೊದಲಿನ ಭಾಗಗಳು ಅತ್ಯಲ್ಪವೇ ಉಳಿದಿದ್ದರೂ ಆ ಕಾರಿನ ಅಸ್ತಿತ್ವ ಎಲ್ಲಿಯೂ ಕಡಿದುಹೋಗಿಲ್ಲವಾದುದರಿಂದ ಇದು ಅದೇ ಕಾರೆಂದು ತೀರ್ಪಿತ್ತರು. ಭಾಗಗಳಲ್ಲಿ ಇಲ್ಲದ ಏಕತೆ ಬಾಳಿನ ಅವಿಚ್ಛಿನ್ನತೆಯಲ್ಲಿ ಇದೆಯೆಂಬ ಈ ಮಾತು ನನಗೆ ಸಮಾಧಾನ ತಂದಿತು. ಐವತ್ತು ವರ್ಷದ ಹಿಂದಿನ ನನ್ನ ಒಡಲಿನಲ್ಲಿ ಈಗ ಎಷ್ಟು ಉಳಿದಿದೆ? ಆದರೂ ಪಿಂಚಣಿ ಕೊಡುವವರು ನನ್ನನ್ನು ನಾನೇ ಎಂದು ಒಪ್ಪುತ್ತಾರೆ—ವರ್ಷಕ್ಕೊಮ್ಮೆ ಬದುಕಿರುವೆನೆಂಬ ಪ್ರಮಾಣಪತ್ರ ಕೇಳುವುದು ನಿಜವೆ.

ಹಾಗಾದರೆ ಪುಟ್ಟಿ ತುಂಬುವುದರಲ್ಲಿ ದೋಷವೇನು? ದೋಷವಿರುವುದು ವಸ್ತುವಿನಲ್ಲಲ್ಲ, ಸಾಕ್ಷ್ಯದಲ್ಲಿ. ಹೊಸ ತಗಡು ತಾನು ಹೊಸದೆಂದು ಹೇಳಿಕೊಳ್ಳುತ್ತದೆ. ಕೆಳಗೆ ಬಾಗಿ ನೋಡಿದವನಿಗೆ ಬೆಸುಗೆಯ ಗೆರೆ ಕಾಣುತ್ತದೆ. ಪುಟ್ಟಿಯಾದರೋ ಕೊಳೆತದ್ದನ್ನು ಒಳಗಿಟ್ಟುಕೊಂಡು ಗಟ್ಟಿಯಾಗಿದ್ದೇನೆಂದು ನುಡಿಯುತ್ತದೆ, ಆ ನುಡಿಯನ್ನು ನಂಬಿ ಕುಳಿತವರ ಪ್ರಾಣದ ಮೇಲೆ. ಜೀರ್ಣೋದ್ಧಾರವೆಂಬುದೇ ಒಂದು ಸುಳ್ಳೆಂದು 1849ರಲ್ಲಿ ರಸ್ಕಿನ್ ಮಹಾಶಯನು ಖಂಡಿಸಿದನು. ನಾನು ಅಷ್ಟು ದೂರ ಹೋಗಲಾರೆ. ಜನ ಕುಳಿತು ಸಾಗುವ ಬಂಡಿಯನ್ನು ಪಾಳುಗುಡಿಯಂತೆ ಸುಂದರವಾಗಿ ಶಿಥಿಲವಾಗಲು ಬಿಡುವುದು ಕವಿಗೆ ಹಿತವಾದೀತು, ಮನೆಯವರಿಗಾಗದು. ಆದರೆ 1964ರ ವೆನಿಸ್ ಸನ್ನದಿನಲ್ಲಿ ಶಿಲ್ಪಜ್ಞರು ಹಾಕಿಕೊಂಡ ಎರಡು ಕಟ್ಟುಗಳು ನನಗೆ ಬಹಳ ಹಿಡಿಸಿದುವು: ಊಹೆ ಆರಂಭವಾಗುವಲ್ಲಿ ಉದ್ಧಾರದ ಕೆಲಸ ನಿಲ್ಲಬೇಕು, ಹೊಸದಾಗಿ ಸೇರಿಸಿದ ಭಾಗ ಹಳೆಯದರೊಡನೆ ಹೊಂದಬೇಕು, ಆದರೆ ಬೇರೆಯೆಂದು ತಿಳಿಯುವಂತೆಯೂ ಇರಬೇಕು.

ಸರ್ಕಾರವೂ ಈ ತತ್ತ್ವವಿಚಾರಕ್ಕೆ ಕೈಹಾಕಿದೆ. 2021ರ ಜುಲೈ ತಿಂಗಳಲ್ಲಿ ಹೊರಟ ಕೇಂದ್ರದ ನಿಯಮಗಳಂತೆ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದಿರುವ, ಒಡಲು ಎಂಜಿನುಗಳಲ್ಲಿ ಗಣನೀಯ ಮಾರ್ಪಾಟು ಹೊಂದದ ಬಂಡಿ "ವಿಂಟೇಜ್" ಎನ್ನಿಸಿಕೊಳ್ಳುತ್ತದೆ. ಅದಕ್ಕೆ ಬೇರೆಯ ಸಂಖ್ಯಾಫಲಕ. ಪ್ರದರ್ಶನ, ರ‍್ಯಾಲಿ ಮೊದಲಾದ ಕೆಲವು ಸಂದರ್ಭಗಳಲ್ಲಿ ಮಾತ್ರ ಬೀದಿಗಿಳಿಯಬಹುದು. ನನ್ನ ಮಿತ್ರರೊಬ್ಬರು ಈ ಗೌರವ ಪಡೆಯಬೇಕೆಂದು ಒತ್ತಾಯಿಸಿದರು. ಆದರೆ ಕತ್ತರಿಸಿದ ಹೊಸ್ತಿಲು ಗಣನೀಯವೆ ಅಲ್ಲವೆ? ಗಣನೀಯವಲ್ಲವೆಂದು ಬರೆಯಲು ಮೂರು ತಿಂಗಳು ಅದರ ಕೆಳಗೆ ಮಲಗಿದ ನನಗೆ ಕೈ ಬರಲಿಲ್ಲ. ಬಳಕೆಯ ಬಂಡಿಯಾಗಿಯೇ ನೋಂದಣಿ ಮುಂದುವರಿಸಲು ಅರ್ಜಿ ಹಾಕಿದ್ದೇನೆ.

ಶೆಡ್ಡು ಇಲ್ಲದ ಕೊರತೆಯ ಬಗ್ಗೆ ಒಂದು ಮಾತು ಹೇಳಬೇಕು. ಮುಚ್ಚಿದ ಬಾಗಿಲಿನ ಹಿಂದೆ ಕೆಲಸ ಮಾಡುವವನಿಗೆ ತನ್ನ ಮನಸ್ಸೊಂದೇ ಸಾಕ್ಷಿ. ಬಯಲಿನಲ್ಲಿ ಮಾಡುವವನಿಗೆ ಬೀದಿಯೆಲ್ಲ ಸಾಕ್ಷಿ; ಬೀದಿಗೆ ಹಕ್ಕೂ ಉಂಟು. ಬಣ್ಣ ಹೊಡೆದ ಮೊದಲ ದಿನ ಗಾಳಿಯ ದಿಕ್ಕನ್ನು ನಾನು ನೋಡಿರಲಿಲ್ಲ. ಪಕ್ಕದ ಮನೆಯ ತಾಯಿಯವರು ಬೇಲಿಯ ಬಳಿ ಬಂದು, "ಏನು ರಾಯರೇ, ನಿಮ್ಮ ತಂದೆಯವರ ಕಾರಿನ ಜೊತೆಗೆ ನಮ್ಮ ಹಪ್ಪಳಕ್ಕೂ ಬಣ್ಣ ಆಗಬೇಕೆ?" ಎಂದರು. ಒಂದು ಮೊರದ ಹಪ್ಪಳ ಹಾಳಾಗಿತ್ತು. ಅಲ್ಲಿಂದ ಮುಂದೆ ಅವರನ್ನು ಕೇಳದೆ ಬಣ್ಣದ ಯಂತ್ರ ಹಿಡಿದಿಲ್ಲ. ಎಂಜಿನಿನಿಂದ ಇಳಿಸಿದ ಕಪ್ಪೆಣ್ಣೆಯನ್ನು ಚರಂಡಿಗೆ ಸುರಿಯುವುದು ಎಲ್ಲರೂ ಮಾಡುವ ಕೆಲಸವೇ. ನಮ್ಮ ಚರಂಡಿ ಮಾತ್ರ ಕೆಳಗಿನ ಕೇರಿಯ ಬಾವಿಯ ಪಕ್ಕದಲ್ಲಿ ಹಾಯುತ್ತದೆ. ತಂದೆಯ ನೆನಪನ್ನು ತೊಳೆದ ಕೊಳೆ ಮತ್ತೊಬ್ಬರ ಕೊಡಕ್ಕೆ ಸೇರುವುದಾದರೆ ಆ ಪಿತೃಭಕ್ತಿಗೆ ಬೆಲೆಯೇನು? ಎಣ್ಣೆಯನ್ನು ಡಬ್ಬಿಗಳಲ್ಲಿ ತುಂಬಿ, ಹಳೆಯ ಎಣ್ಣೆ ಶುದ್ಧಿಮಾಡುವ ಪರವಾನಗಿಯುಳ್ಳವರಿಗೆ ಕಳುಹಿಸಿದೆ.

ಇಷ್ಟೆಲ್ಲವನ್ನು ತರ್ಕದಿಂದ ತೀರ್ಮಾನಿಸಿದ ನನಗೆ ತೀರ್ಮಾನವಾಗದೆ ಉಳಿದುದು ಎಡಗಡೆಯ ಮುಂಬಾಗಿಲು. ಅದರ ಮೇಲೆ ಅಂಗೈಯಷ್ಟು ಅಗಲದ ಒಂದು ನೆಗ್ಗಿದೆ. 1977ರ ಒಂದು ರಾತ್ರಿ ನಮ್ಮ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ಯುವ ಆತುರದಲ್ಲಿ ತಂದೆಯವರು ಗೇಟಿನ ಕಲ್ಲುಕಂಬಕ್ಕೆ ತಾಗಿಸಿದಾಗ ಆದದ್ದು. ತಾಯಿಯವರು ಹಿಂದಿರುಗಲಿಲ್ಲ. ತಂದೆಯವರು ಆ ಬಾಗಿಲನ್ನು ಕಡೆಯವರೆಗೂ ಸರಿಮಾಡಿಸಲಿಲ್ಲ.

ಬರುವ ಮಾಘದಲ್ಲಿ ಅಣ್ಣನ ಮಗಳ ಮದುವೆ. ಮದುಮಗಳು ಅಜ್ಜನ ಕಾರಿನಲ್ಲಿಯೇ ಛತ್ರಕ್ಕೆ ಬರಬೇಕೆಂದು ಅಣ್ಣನ ಆಸೆ. ಕಳೆದ ತಿಂಗಳು ಬಂದು ನೋಡಿದಾಗ, "ಉಳಿದದ್ದೆಲ್ಲ ಚೆನ್ನಾಗಿದೆಯಪ್ಪ. ಈ ನೆಗ್ಗನ್ನು ತೆಗೆಸಿಬಿಡು" ಎಂದನು.

"ಅಣ್ಣ, ಅದು ಅಮ್ಮನ ರಾತ್ರಿಯದು" ಎಂದೆ.

"ಅದಕ್ಕೇ ಹೇಳಿದ್ದು. ನೀನು ನೆನಪಿಟ್ಟುಕೊಳ್ಳುವುದಕ್ಕೆ ಆ ಮಗು ನೆಗ್ಗಿದ ಬಾಗಿಲು ತೆರೆದು ಇಳಿಯಬೇಕೇನು?"

ನನ್ನ ತರ್ಕ ಇಲ್ಲಿ ತಲೆಕೆಳಗಾಗುತ್ತದೆ. ಹೊಸ್ತಿಲು ಕತ್ತರಿಸಿದಾಗ ಎಷ್ಟೋ ಸೇರು ಹಳೆಯ ಕಬ್ಬಿಣ ಹೋಯಿತು; ಕಾರು ಅದೇ ಆಗಿ ಉಳಿಯಿತು. ನೆಗ್ಗನ್ನು ಒಳಗಿನಿಂದ ಮರದ ಕೊಡತಿಯಿಂದ ಬಡಿದು ಎತ್ತಿದರೆ ಒಂದು ಗುಂಜಿಯಷ್ಟು ಲೋಹವೂ ಹೋಗುವುದಿಲ್ಲ. ಹೋಗುವುದು ಏನೆಂದು ನನಗೆ ಚೆನ್ನಾಗಿ ಗೊತ್ತು. ತುಕ್ಕು ನಡೆಯುತ್ತಿರುವ ನಾಶ, ಅದನ್ನು ತಡೆಯಲೇಬೇಕು. ನೆಗ್ಗು ನಡೆದುಹೋದುದು, ಯಾರಿಗೂ ಕೇಡು ಮಾಡದು. ಹೀಗೆಂದು ವಾದಿಸಿದೆ. ಅಣ್ಣ ಕೇಳಿದನು: "ಅಪ್ಪ ಅದನ್ನು ಅಮ್ಮನ ನೆನಪಿಗೆಂದೇ ಬಿಟ್ಟರೆಂದು ನಿನಗೆ ಹೇಳಿದರೆ?"

ಹೇಳಿರಲಿಲ್ಲ. ತಂದೆಯವರು ನಡೆಯುವ ಗಾಡಿಗೆ ದುಡ್ಡು ಹಾಕುವವರಲ್ಲ. ಹರಿದ ಸೀಟಿಗೂ ಗೋಣಿಯ ತೇಪೆ ಹೊಲಿಸಿದವರು. ನೆಗ್ಗು ಉಳಿದದ್ದು ಶೋಕದಿಂದಲೋ ಮಿತವ್ಯಯದಿಂದಲೋ ನಾನು ಬಲ್ಲವನಲ್ಲ. ಮೂರು ತಿಂಗಳಿಂದ ನಾನು ಕಾಪಾಡುತ್ತಿದ್ದುದು ನನ್ನ ಊಹೆಯನ್ನೇ ಇರಬಹುದು. ಆದರೆ ಅಳಿಸಿದರೆ ಆ ಊಹೆಗೂ ಎಡೆಯಿಲ್ಲದಂತಾಗುವುದಲ್ಲ! ಮೇಸ್ತ್ರಿಗಳನ್ನು ಕೇಳಿದೆ. ಅವರು ಬೀಡಿ ಆರಿಸಿ, "ಬಡಿಯೋದು ಅರ್ಧ ಗಂಟೆ ಕೆಲಸ ಸ್ವಾಮಿ, ಮದುವೆಯ ಹಿಂದಿನ ದಿನ ಹೇಳಿದರೂ ಆದೀತು" ಎಂದರು.

ಬದಲಾಯಿಸಿದ ಭಾಗಗಳನ್ನೆಲ್ಲ ತಾರೀಖು ಸಹಿತ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಮುಂದುಗಡೆಯ ಸಣ್ಣ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನನ್ನ ಬಳಿಕ ಈ ಕಾರಿನ ಕೆಳಗೆ ಮಲಗುವವನಿಗೆ ಅದು ಬೇಕಾದೀತು. ಎಡಬಾಗಿಲಿನ ಎದುರಿಗೆ ಇನ್ನೂ ಏನನ್ನೂ ಬರೆದಿಲ್ಲ. ಅಣ್ಣ ದೀಪಾವಳಿಗೆ ಬರುತ್ತಾನೆ. ಮಗಳನ್ನೂ ಕರೆತರುವಂತೆ ಕಾಗದ ಬರೆದಿದ್ದೇನೆ. ಅವಳನ್ನು ಇದುವರೆಗೆ ನಾವಿಬ್ಬರೂ ಕೇಳಿಲ್ಲ.