ಕಾಡುಮೃಗದ ಜೀವಕ್ಕೆ ಬೆಲೆ ತೆರತಕ್ಕವರು ಯಾರು?

ಕೊಟ್ಟಿಗೆಯ ಬಳಿಯಲ್ಲಿ ಚಿರತೆಯ ಹೆಜ್ಜೆಯನ್ನು ಕಂಡವರಿಗೆ ಹಿಂಸ್ರಮೃಗಗಳ ವಿಷಯವಾಗಿ ಹೆಚ್ಚು ಹೇಳಬೇಕಾದದ್ದಿಲ್ಲ. ಒಂದು ಕರು ಹೋದರೆ ಬಡವನ ಮನೆಯಲ್ಲಿ ಏನಾಗುವದೆಂದು ನಾವೆಲ್ಲರೂ ಬಲ್ಲೆವು. ಹೀಗಿರುವಾಗ ಅಂಥ ಮೃಗಗಳನ್ನು ಉಳಿಸಬೇಕೆಂದು ದೂರದ ಪಟ್ಟಣದವರು ಹೇಳುವದನ್ನು ಕೇಳಿದರೆ, ಇವರಿಗೆ ಮನುಷ್ಯನಿಗಿಂತ ಮೃಗವೇ ಹೆಚ್ಚಾಯಿತೋ ಎಂದು ಮನಸ್ಸು ಕಹಿಯಾಗುವದುಂಟು. ಈ ಪ್ರಶ್ನೆಯನ್ನು ಅಮೇರಿಕ ಖಂಡದ ಜಾಗ್ವಾರ್ ಎಂಬ ಮೃಗದ ಚರಿತ್ರೆಯಿಂದ ಸ್ವಲ್ಪ ವಿಚಾರಿಸೋಣ.

ಜಾಗ್ವಾರು ನಮ್ಮ ಚಿರತೆಯನ್ನೇ ಹೋಲುವದು. ಆದರೆ ಮೈಕಟ್ಟು ಹೆಚ್ಚು ಬಲವಾದದ್ದು, ತಲೆ ದೊಡ್ಡದು, ಉಂಗುರದಂಥ ಮಚ್ಚೆಗಳ ನಡುವೆ ಚಿಕ್ಕ ಚುಕ್ಕೆಗಳುಂಟು. ನೀರಿಗೆ ಅಂಜದೆ ಹೊಳೆಯಲ್ಲಿ ಈಜಿ, ಮೊಸಳೆಯ ಬಳಗದ ಕೈಮಾನನ್ನೂ ತಲೆಬುರುಡೆ ಕಚ್ಚಿ ಕೊಲ್ಲುವದು. ಪೂರ್ವದಲ್ಲಿ ಇದು ಅಮೇರಿಕ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಿಂದ ಅರ್ಜೆಂಟೀನದ ವರೆಗೂ ವಾಸಿಸುತ್ತಿತ್ತು. ಈಗ ಆ ನೆಲದಲ್ಲಿ ಸುಮಾರು ಅರ್ಧ ಮಾತ್ರ ಅದಕ್ಕೆ ಉಳಿದದೆ. ಉರುಗ್ವೆ, ಎಲ್ ಸಾಲ್ವಡೋರ್ ದೇಶಗಳಲ್ಲಿ ಅದು ನಿರ್ಮೂಲವಾಯಿತು. ಕಾಡು ಕಡಿದು ಹುಲ್ಲುಗಾವಲುಗಳನ್ನೂ ಹೊಲಗಳನ್ನೂ ಮಾಡಿದ್ದು ಒಂದು ಕಾರಣ. ದನ ಕೊಂದಿತೆಂಬ ಸಿಟ್ಟು ಇನ್ನೊಂದು. ಮೂರನೆಯದನ್ನು ಹೇಳಲು ನಾಚಿಕೆಯಾಗುವದು: ೧೯೬೦ರ ದಶಕದಲ್ಲಿ ಧನವಂತ ಸ್ತ್ರೀಯರ ಮೇಲಂಗಿಗಾಗಿ ವರ್ಷವರ್ಷವೂ ಸಾವಿರಾರು ಜಾಗ್ವಾರುಗಳನ್ನು ಕೊಂದರು. ೧೯೭೫ರಲ್ಲಿ ರಾಜ್ಯಗಳೊಳಗಣ ಒಡಂಬಡಿಕೆಯೊಂದು ಜಾರಿಗೆ ಬಂದ ಮೇಲೆ ಆ ತೊಗಲಿನ ವ್ಯಾಪಾರವು ಬಹಳ ಮಟ್ಟಿಗೆ ತಗ್ಗಿತು. ಕರುವನ್ನು ಕಳಕೊಂಡವನ ಕೋವಿಗೂ ಅಲಂಕಾರಕ್ಕಾಗಿ ಹಾರಿದ ಕೋವಿಗೂ ನಾವು ಒಂದೇ ತೀರ್ಪು ಕೊಡಲಾರೆವು.

ಭೂಮಿಯ ಮೇಲೆ ದೊರೆತನವು ಮನುಷ್ಯನಿಗೆ ಕೊಡಲ್ಪಟ್ಟಿತಲ್ಲವೇ ಎಂದು ಕೆಲವರು ಕೇಳುವರು. ಕೊಡಲ್ಪಟ್ಟದ್ದು ನಿಜ. ಆದರೆ ಜಲಪ್ರಳಯದ ತರುವಾಯ ದೇವರು ನೋಹನೊಡನೆ ಮಾಡಿದ ಒಡಂಬಡಿಕೆಯು ನಾವೆಯಿಂದ ಹೊರಟ ಕಾಡುಮೃಗಗಳೊಡನೆಯೂ ಮಾಡಲ್ಪಟ್ಟಿತು. ೧೦೪ನೆಯ ಕೀರ್ತನೆಯಲ್ಲಿ ಸಿಂಹದ ಮರಿಗಳು ದೇವರಿಂದಲೇ ಆಹಾರವನ್ನು ಬೇಡುತ್ತವೆ. ಮನೆವಾರ್ತೆಯವನು ಯಜಮಾನನ ಮಂದೆಯನ್ನು ತನ್ನದೆಂದು ಮಾರಿಬಿಡಕೂಡದು. ಇಷ್ಟರ ಮಟ್ಟಿಗೆ ನಮಗೆ ಸಂಶಯವಿಲ್ಲ. ಕಷ್ಟವಿರುವದು ಮುಂದಿನ ಮಾತಿನಲ್ಲಿ.

ಆಲನ್ ರಾಬಿನೋವಿಟ್ಸ್ ಎಂಬ ಅಮೇರಿಕದವನು ಬಾಲ್ಯದಲ್ಲಿ ಬಹಳ ತೊದಲುತ್ತಿದ್ದನು. ಮನುಷ್ಯರ ಮುಂದೆ ಮಾತು ಹೊರಡದಿದ್ದರೂ ಪ್ರಾಣಿಗಳೊಡನೆ ತಡೆಯಿಲ್ಲದೆ ಮಾತಾಡುತ್ತಿದ್ದನಂತೆ. ನ್ಯೂಯಾರ್ಕಿನ ಮೃಗಶಾಲೆಯಲ್ಲಿ ಪಂಜರದ ಜಾಗ್ವಾರಿನ ಮುಂದೆ ನಿಂತು, ತನಗೆ ಬಾಯಿ ಬಂದರೆ ಅದಕ್ಕೋಸ್ಕರ ಮಾತಾಡುವೆನೆಂದು ಭಾಷೆ ಕೊಟ್ಟನು. (ಮೋಶೆಯೂ ಮಂದನಾಲಿಗೆಯವನೇ ಆಗಿದ್ದನು.) ದೊಡ್ಡವನಾದ ಮೇಲೆ ಮಧ್ಯ ಅಮೇರಿಕದ ಬೆಲೀಜ್ ದೇಶದ ಕಾಡಿನಲ್ಲಿ ಆ ಮೃಗಗಳ ನಡೆಯನ್ನು ಶೋಧಿಸಿದನು, ಅವನ ಪ್ರಯತ್ನದಿಂದ ೧೯೮೬ರಲ್ಲಿ ಅಲ್ಲಿಯ ಕಾಕ್ಸ್‌ಕೋಂಬ್ ಕಣಿವೆಯು ಜಾಗ್ವಾರಿಗಾಗಿ ಕಾಯ್ದಿಡಲ್ಪಟ್ಟಿತು. ೨೦೧೮ರಲ್ಲಿ ತೀರಿಕೊಳ್ಳುವ ತನಕ ಅವನು ಕೊಟ್ಟ ಭಾಷೆಯನ್ನು ನಡಿಸಿದನು.

ಆದರೆ ಆ ಕಣಿವೆಯೊಳಗೆ ಮಾಯಾ ಜನಾಂಗದ ಬಡ ಬೇಸಾಯಗಾರರಿದ್ದರು. ಅವರು ಗುಡಿಸಲುಗಳನ್ನೂ ಹೊಲಗಳನ್ನೂ ಬಿಟ್ಟು ಹೊರಗೆ ಬರಬೇಕಾಯಿತು. ಇಲ್ಲಿ ನಾತಾನನು ದಾವೀದನಿಗೆ ಹೇಳಿದ ಸಾಮ್ಯವು ನಮಗೆ ನೆನಪಾಗುವದು. ಐಶ್ವರ್ಯವಂತನ ಮನೆಗೆ ಅತಿಥಿ ಬಂದನು; ಸತ್ಕಾರ ಮಾಡಬೇಕೆಂಬ ಮನಸ್ಸು ಒಳ್ಳೇದೇ; ಆದರೆ ಅವನು ತನ್ನ ಮಂದೆಯನ್ನು ಮುಟ್ಟದೆ ಬಡವನಿಗಿದ್ದ ಒಂದೇ ಕುರಿಮರಿಯನ್ನು ತಕ್ಕೊಂಡನು. ಕಾಡುಮೃಗವೆಂಬ ಅತಿಥಿಯನ್ನು ಕರೆಯುವವರು ಯಾರ ಕುರಿಯನ್ನು ಕೊಯ್ಯುತ್ತಾರೆ? ಸತ್ಕಾರ್ಯದ ಹೆಸರಿನಲ್ಲಿಯೂ ಈ ಪಾಪವು ನಡೆಯಬಹುದು. ಕರು ಹೋದವನಿಗೆ ನಷ್ಟವನ್ನು ತುಂಬುವದೂ ರಾತ್ರಿ ದನಗಳನ್ನು ಕೂಡುವದಕ್ಕೆ ಭದ್ರವಾದ ದೊಡ್ಡಿಯನ್ನು ಕಟ್ಟಿಸಿಕೊಡುವದೂ ಭಿಕ್ಷೆಯೆಂದು ಎಣಿಸಲ್ಪಡಬಾರದು. ಅದು ಸಲ್ಲತಕ್ಕ ಸಾಲ. ನಾಲ್ಕರಷ್ಟು ಕೊಡಬೇಕೆಂದು ದಾವೀದನೇ ತೀರ್ಪು ಹೇಳಿದನಲ್ಲಾ! ಆ ಮಾಯಾ ಜನರಲ್ಲಿ ಕೆಲವರು ತರುವಾಯ ಕಾವಲುಗಾರರೂ ದಾರಿತೋರಿಸುವವರೂ ಆಗಿ ಸಂಬಳ ಪಡೆದರೆಂಬದು ಸಮಾಧಾನದ ಸಂಗತಿ. ಆದರೂ ಬಿಟ್ಟುಬಂದ ಹೊಲವನ್ನು ಸಂಬಳವು ತಿರಿಗಿ ಕೊಡದು.

ತಮ್ಮ ಮಂದೆಯಿಂದಲೇ ಕೊಟ್ಟವರೂ ಉಂಟು. ಅರ್ಜೆಂಟೀನದ ಇಬೆರಾ ಎಂಬ ದೊಡ್ಡ ಜೌಗುನಾಡಿನಲ್ಲಿ ಜಾಗ್ವಾರುಗಳು ಅಳಿದು ಸುಮಾರು ೭೦ ವರ್ಷಗಳಾಗಿದ್ದವು. ಬಟ್ಟೆಯ ವ್ಯಾಪಾರದಿಂದ ಐಶ್ವರ್ಯವಂತನಾದ ಡಗ್ಲಾಸ್ ಟಾಂಪ್ಕಿನ್ಸನೂ ಅವನ ಹೆಂಡತಿಯಾದ ಕ್ರಿಸ್ಟೀನಳೂ ಅಲ್ಲಿ ತಮ್ಮ ಹಣದಿಂದ ಭೂಮಿಯನ್ನು ಕೊಂಡರು. ಪರದೇಶದವನಿಗೆ ಇಷ್ಟು ನೆಲವೇಕೆಂದು ಅಲ್ಲಿಯವರು ಸಂಶಯಪಟ್ಟರು. ಆ ಸಂಶಯವನ್ನು ನಾವು ತಪ್ಪೆನ್ನುವದಿಲ್ಲ. ಅವನು ೨೦೧೫ರಲ್ಲಿ ಸತ್ತನು. ಭೂಮಿಯು ಅರ್ಜೆಂಟೀನ ದೇಶಕ್ಕೆ ದಾನವಾಗಿ ಕೊಡಲ್ಪಟ್ಟು, ೨೦೧೮ರಲ್ಲಿ ಇಬೆರಾ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾಯಿತು. ೨೦೨೧ರ ಜನವರಿಯಲ್ಲಿ ಮಾರಿಯುವಾ ಎಂಬ ಹೆಣ್ಣು ಜಾಗ್ವಾರನ್ನು ಬಿಡುಗಡೆಮಾಡಲು, ಅದು ತನ್ನ ಎರಡು ಮರಿಗಳೊಡನೆ ಆ ಜೌಗುನಾಡಿನೊಳಗೆ ಹೋಯಿತು.